ಕೊಯ್ಯಲಾಗದ ಉಳಿತಾಯ

ಸಾಯ್ರಾಕಾನಳ ಮೊದಲ ಉಳಿತಾಯವನ್ನು ಹದಿನಾಲ್ಕು ಜನ ಸುತ್ತ ಕೂತು ತಿಂದು, ಕೈ ತೊಳೆದು, ಆಶೀರ್ವಾದ ಮಾಡಿ ಎದ್ದು ಹೋದರು.

ಅದೊಂದು ಹೆಣ್ಣು ಕುರಿ. ಮದುವೆಯಾಗಿ ನಮ್ಮೂರು ಸಾರಿಬುಲಾಕಿಗೆ ಹೊರಟಾಗ ಅವಳ ತಾಯಿ ಅದರ ಕಿವಿಗೆ ಕೆಂಪು ದಾರ ಪೋಣಿಸಿ ಕೊಟ್ಟಿದ್ದಳು. "ಇದು ನಿಂದು. ಇದರ ಮರಿ ನಿಂದು, ಮರಿಯ ಮರೀನೂ ನಿಂದು. ಕಷ್ಟಕಾಲಕ್ಕೆ ಕೈಯಲ್ಲಿ ಏನಾದ್ರೂ ಇರ್ಲಿ" ಎಂದಿದ್ದಳು. ಮರಿಯ ಮಾತು ಹಾಗಿರಲಿ, ಕುರಿಯೇ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಮುಗಿಯಿತು. ಗಂಡನ ಅಣ್ಣ ಕಪರ್‌ಬೆಕ್‌ನ ಬೀಗರು ಹೇಳದೆ ಕೇಳದೆ ಬಂದಿಳಿದರು. ಮನೆಯ ಉಳಿದ ಕುರಿಗಳೆಲ್ಲ ಬೆಟ್ಟದ ಹುಲ್ಲುಗಾವಲಿಗೆ ಹೋಗಿದ್ದವು. ಅಂಗಳದಲ್ಲಿ ಉಳಿದಿದ್ದದ್ದು ಕೆಂಪು ದಾರದ್ದೊಂದೇ. ಕಪರ್‌ಬೆಕ್ ಚಾಕು ಮಸೆದ. ಬಾಗಿಲಿಗೆ ಬಂದ ನೆಂಟರ ಮುಂದೆ ಕುರಿ ಯಾರದು ಎಂದು ವಿಚಾರಿಸುವುದು ನಮ್ಮಲ್ಲಿ ಮರ್ಯಾದೆಗೇಡು. ಕರುಳು ತೊಳೆಯುವ ಕೆಲಸ ಮಾತ್ರ ಯಾರ ವಿಚಾರಣೆಯೂ ಇಲ್ಲದೆ ಸೀದಾ ಸಾಯ್ರಾಕಾನಳ ಪಾಲಿಗೆ ಬಂತು. ಕಾಲುವೆಯ ತಣ್ಣೀರಿನಲ್ಲಿ ಕೈ ಮರಗಟ್ಟುವವರೆಗೆ ತೊಳೆದಳು. ಆಗ ಅವಳಿಗೆ ಇಪ್ಪತ್ತು ವರ್ಷ.

ಹೀಗೆಲ್ಲ ಹೇಳಿದರೆ ನಮ್ಮೂರಿನ ಗಂಡಸರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ. ಅತಿಥಿ ಸತ್ಕಾರ ದೊಡ್ಡದು ಎಂದು ಎದೆ ತಟ್ಟಿಕೊಳ್ಳುವ ಇವರಲ್ಲಿ ಒಬ್ಬನಾದರೂ ಒಂದು ದಿನ ಆ ಕರುಳು ತೊಳೆದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಮನೆಗೆ ಬಂದ ಸೊಸೆಗೆ ನಾವು ಕೆಲಿನ್ ಅನ್ನುತ್ತೇವೆ. ಅವಳಿಗೆ ನಲವತ್ತಾಗಲಿ, ಐವತ್ತಾಗಲಿ, ಅವಳು ಕೆಲಿನ್ನೇ. ಕೆಲಿನ್ ಆದವಳು ಗಂಡನಿಗಿಂತ ಹಿರಿಯರ ಹೆಸರನ್ನು ಬಾಯಿಂದ ತೆಗೆಯಬಾರದು. ಸಾಯ್ರಾಕಾನ್ ಇಪ್ಪತ್ತಮೂರು ವರ್ಷ ತೆಗೆಯಲಿಲ್ಲ. ಕಪರ್‌ಬೆಕ್ ಅವಳಿಗೆ 'ದೊಡ್ಡವರು'. ಊರಿನಲ್ಲಿ ಅದೇ ಹೆಸರಿನ ಬಡಗಿಯೊಬ್ಬನಿದ್ದ. ಅವನನ್ನು ಕರೆಯಬೇಕಾದರೂ ಅವಳು 'ಗರಗಸದಣ್ಣ' ಎನ್ನುತ್ತಿದ್ದಳು. ಬಡಗಿ ನಗುತ್ತಿದ್ದ. ನಗುವಂಥದ್ದು ಅದರಲ್ಲೇನಿತ್ತೋ ನನಗಂತೂ ತಿಳಿಯದು.

ಎರಡನೆಯ ಉಳಿತಾಯ ಒಂದು ಜೊತೆ ಚಿನ್ನದ ಓಲೆ. ಕಪರ್‌ಬೆಕ್‌ನ ಅಂಗಳದ ತಂದೂರ್ ಒಲೆಯಲ್ಲಿ ಸಾಯ್ರಾಕಾನ್ ಬೆಳಗಿನ ಜಾವಕ್ಕೇ ರೊಟ್ಟಿ ಸುಟ್ಟು, ಓಜ್ಗೋನ್ ಪೇಟೆಗೆ ಹೋಗುವ ರಸ್ತೆಯ ಬದಿ ಕೂತು ಮಾರುತ್ತಿದ್ದಳು. ಬಂದ ಹಣ ಕಪರ್‌ಬೆಕ್‌ನ ಹೆಂಡತಿಯ ಗೂಡಿನಲ್ಲಿದ್ದ ಬಟ್ಟಲಿಗೆ ಹೋಗುತ್ತಿತ್ತು. ಒಲೆ ಅವರದು, ಅಂಗಳ ಅವರದು, ಆದ್ದರಿಂದ ರೊಟ್ಟಿಯೂ ಅವರದು. ಸುಟ್ಟುಕೊಂಡ ಮುಂಗೈ ಮಾತ್ರ ಇವಳದು. ಗಂಡ ಜುಮಾಶ್ ಒಳ್ಳೆಯವನು, ಆದರೆ ಅಣ್ಣನ ಮುಂದೆ ನಾಲಿಗೆ ಹೊರಳದವನು. ಅವನು ಆಗೀಗ ಗುಟ್ಟಾಗಿ ಕೊಟ್ಟ ಪುಡಿಕಾಸು ಸೇರಿಸಿ ಸೇರಿಸಿ ಆರು ವರ್ಷಕ್ಕೆ ಆ ಓಲೆ ಆದವು. ಅವಳು ಅವನ್ನು ಕಿವಿಗೆ ಹಾಕಿಕೊಂಡದ್ದು ಎರಡೇ ಸಲ. ಕಪರ್‌ಬೆಕ್‌ನ ಮಗನಿಗೆ ಹೆಣ್ಣು ಗೊತ್ತಾಯಿತು. ಹುಡುಗಿಯ ಕಿವಿಗೆ ಗಂಡಿನ ತಾಯಿ ಓಲೆ ತೊಡಿಸಿದರೇ ನಮ್ಮಲ್ಲಿ ನಿಶ್ಚಿತಾರ್ಥ. ಅಕ್ಕಸಾಲಿ ಕೈಕೊಟ್ಟನಂತೆ. "ಮನೆ ಮಾನದ ಪ್ರಶ್ನೆ, ನಿನ್ನವು ಕೊಡು, ಆಮೇಲೆ ಮಾಡಿಸಿಕೊಡ್ತೀನಿ" ಎಂದಳು ಓರಗಿತ್ತಿ. ಆ ಆಮೇಲೆ ಇವತ್ತಿಗೂ ಬಂದಿಲ್ಲ.

ಮೂರನೆಯದು ಹಿಟ್ಟಿನ ಚೀಲದ ಅಡಿಯಲ್ಲಿಟ್ಟ ನೋಟುಗಳು. ಜುಮಾಶ್ ಗುಡ್ಡದ ಕಲ್ಲಿದ್ದಲ ಬಿಲಗಳಲ್ಲಿ ಕೂಲಿಗೆ ಹೋಗುತ್ತಿದ್ದ. ಹೋದ ವರ್ಷ ಜೂನ್‌ನಲ್ಲಿ ಮಣ್ಣು ಕುಸಿದು ಒಳಗೇ ಉಳಿದ. ತೆಗೆದದ್ದು ಎರಡು ದಿನದ ಮೇಲೆ. ಅಂಗಳದಲ್ಲಿ ಗುಡಾರ ಎದ್ದಿತು. ಹೆಂಗಸರು ಗೋಡೆಗೆ ಮುಖ ಮಾಡಿ ಗೋಳಾಡಿದರು. ಗಂಡಸರು ಅಳುತ್ತ ಬಂದರು, ಅತ್ತು ಮುಗಿಸಿ ಉಣ್ಣಲು ಕೂತರು. ಮಣ್ಣು ಮಾಡಿದ ದಿನಕ್ಕೊಂದು ಕುದುರೆ, ನಲವತ್ತನೆಯ ದಿನಕ್ಕೆ ಒಂದು ಹಸು. ಹಿಟ್ಟಿನ ಚೀಲ ಬರಿದಾಯಿತು. ಗಂಡನನ್ನು ಕಳಿಸಿಕೊಡುವುದಕ್ಕೆ ಖರ್ಚಾಯಿತೆಂದು ಅವಳು ಒಂದು ಮಾತೂ ಆಡಲಿಲ್ಲ. ಅವಳ ಎದೆಯಲ್ಲಿ ಉರಿದದ್ದು ಬೇರೆ. ಬಿಲದಲ್ಲಿ ಸಾಯುವ ಹಿಂದಿನ ವಾರ ಅದೇ ಜುಮಾಶ್ ಬೂಟಿನ ತೂತಿಗೆ ರಟ್ಟು ತುರುಕಿಕೊಂಡು ಕೆಲಸಕ್ಕೆ ಹೋಗಿದ್ದ. ಬೂಟಿಗೆ ಯಾರ ಹತ್ತಿರವೂ ಹಣ ಇರಲಿಲ್ಲ, ಕುದುರೆಗೆ ಇತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದರೆ ಇದೇ.

ಜುಮಾಶ್ ಬಿಟ್ಟುಹೋದದ್ದು ಹದಿನಾರರ ಮಗಳು ಬೆಗಿಮಾಯ್, ಮತ್ತೆ ಕಾಲುವೆಯಾಚೆ ಒಂದು ಕಲ್ಲುನೆಲದ ನಿವೇಶನ. ಗ್ರಾಮದ ಕಚೇರಿ ಮನೆಯಿಲ್ಲದವರಿಗೆಂದು ಕೊಟ್ಟದ್ದು ಅದು. ಮೂರು ವರ್ಷದಲ್ಲಿ ಗೋಡೆ ಏಳದಿದ್ದರೆ ವಾಪಸು. ಮೂರನೆಯ ವರ್ಷ ಮುಗಿಯುವುದು ಈ ಶರತ್ಕಾಲಕ್ಕೆ. ಸಾಯ್ರಾಕಾನ್ ದಿನಾ ಬೆಳಿಗ್ಗೆ ರೊಟ್ಟಿ ಬುಟ್ಟಿ ಹೊತ್ತು ಅದರ ಪಕ್ಕವೇ ಹಾದು ಹೋಗುತ್ತಿದ್ದಳು. ಅಲ್ಲೊಂದು ತಂದೂರ್, ಎರಡು ಕೋಣೆ, ತನ್ನದೇ ಒಂದು ಬಾಗಿಲು. ಇಷ್ಟೇ ಅವಳ ಆಸೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಹೇಳಿಸಿದವಳು ಬುರುಲಕ್ಕ. ಅವಳು ಹಿಂದೆ ತಂಬಾಕು ತೋಟದ ಹೆಂಗಸರ ಮೇಸ್ತ್ರಿಯಾಗಿದ್ದವಳು, ಈಗ ಅರವತ್ತೈದರ ವಿಧವೆ. ಅವಳ ಬಾಯಿ ತೋಟದ ಈ ಕೊನೆಯಿಂದ ಆ ಕೊನೆಗೆ ಕೇಳುವಂಥದ್ದು. ನಲವತ್ತನೆಯ ದಿನ ಕಳೆದು ಒಂದು ವಾರಕ್ಕೆ ಅವಳು ರೊಟ್ಟಿ ಬುಟ್ಟಿಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು.

"ಎಷ್ಟು ದಿನ ಹೀಗೇ ಬೇರೆಯವರ ಬಟ್ಟಲು ತುಂಬಿಸ್ತೀಯೇ?"

"ಇನ್ನೇನ್ ಮಾಡ್ಲಿ ಬುರುಲಕ್ಕ?"

"ನಮ್ಮ ಚೀಟಿಗೆ ಸೇರು. ಹೊಸ ಸುತ್ತು ಅಕ್ಟೋಬರಿಗೆ ಶುರು."

ಶೆರಿನೆ ಎಂದು ನಾವು ಕರೆಯುವ ಹೆಂಗಸರ ಚೀಟಿ ಅದು. ಒಂಬತ್ತು ಮನೆ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಚಹಾ, ಊಟ, ಹರಟೆ. ಎಲ್ಲರ ಪಾಲೂ ಸೇರಿ ಆ ತಿಂಗಳ ಸರದಿಯವಳ ಮಡಿಲಿಗೆ.

"ನನ್ನ ಹತ್ರ ಒಂದು ಸೋಮ್ ಕೂಡ ಇಲ್ಲ" ಎಂದಳು ಸಾಯ್ರಾಕಾನ್.

"ರೊಟ್ಟಿ ಇದ್ಯಲ್ಲ?"

"ಅದು ದೊಡ್ಡವರ ಮನೇದು."

"ಅಯ್ಯೋ ದಡ್ಡಿ! ಹಿಟ್ಟು ಕಲಸಿದ ಕೈ ಯಾರದೇ? ಒಲೆಯೊಳಗೆ ತಲೆ ಹಾಕಿ ಹುಬ್ಬು ಸುಟ್ಕೊಂಡೋಳು ಯಾರೇ? ನಿನ್ನ ದೊಡ್ಡವರಿಗೆ ಹುಬ್ಬು ಎಷ್ಟು ದಪ್ಪಗಿದೆ ನೋಡಿದ್ಯಾ?"

ಗಂಡ ಸತ್ತ ಮೇಲೆ ಸಾಯ್ರಾಕಾನ್ ನಕ್ಕದ್ದು ಅವತ್ತು ಮೊದಲು. ಮಾರನೆಯ ದಿನದಿಂದ ಬುರುಲಕ್ಕ ಬೆಳಿಗ್ಗೆ ಬಂದು ಬುಟ್ಟಿಯಿಂದ ಹತ್ತು ರೊಟ್ಟಿ ಎತ್ತಿಕೊಂಡು, ಬಸ್ಸು ನಿಲ್ಲುವಲ್ಲಿ ಡ್ರೈವರುಗಳಿಗೆ ಗದರಿಸಿ ಮಾರಿ, ಆ ಹಣವನ್ನು ತಾನೇ ಜೋಪಾನ ಮಾಡಿ ತಿಂಗಳ ಪಾಲು ಕಟ್ಟುತ್ತಿದ್ದಳು. ಅದು ಕಳ್ಳತನ ಎನ್ನುವವರಿದ್ದರೆ ಅನ್ನಲಿ. ಕುರಿಗೆ, ಓಲೆಗೆ ಅವರು ಇಟ್ಟ ಹೆಸರು ಯಾವುದೆಂದು ಮೊದಲು ಹೇಳಲಿ.

ಬಿಟ್ಟುಬಿಡುತ್ತೇನೆ ಎಂದು ಅವಳು ಅದೆಷ್ಟು ಸಲ ಅಂದಳೋ. ಚಳಿಗಾಲದಲ್ಲಿ ಬೆಗಿಮಾಯ್‌ಗೆ ಜ್ವರ ಬಂದಾಗ ಎರಡು ವಾರ ರೊಟ್ಟಿಯೇ ಸುಡಲಿಲ್ಲ. ಆ ತಿಂಗಳ ಪಾಲನ್ನು ಉಳಿದ ಎಂಟು ಜನ ಹಂಚಿಕೊಂಡು ಕಟ್ಟಿದರು. ಶಾಲೆಯ ಅಡುಗೆಯವಳು ಕಿಯಾಲ್, ಚೀಟಿಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಬಾಯಿಬಡುಕಿ. "ನೀನು ಬಿಟ್ಟು ಹೋದ್ರೆ ಬಿಸಿ ರೊಟ್ಟಿ ತರೋರ್ಯಾರು ಅಕ್ಕ? ಬುರುಲಕ್ಕನ ರೊಟ್ಟಿ ತಿಂದ್ರೆ ಹಲ್ಲಿಗೇ ಒಂದು ಚೀಟಿ ಹಾಕ್ಬೇಕಾಗುತ್ತೆ" ಎಂದಳು. ಬುರುಲಕ್ಕ ಅವಳ ಬೆನ್ನಿಗೊಂದು ಗುದ್ದಿದಳು. ಸಾಯ್ರಾಕಾನಳ ಸರದಿ ಕೊನೆಯದು, ಈ ಜೂನ್‌ನಲ್ಲಿ. ಎಲ್ಲರೂ ಕೇಳಿದಾಗ ಅವಳು ಕಾಲುವೆಯಾಚೆಗೆ ಕೈ ತೋರಿಸಿ, "ಅಲ್ಲಿ ಗೋಡೆ" ಎಂದಿದ್ದಳು. ಅಷ್ಟು ಹೇಳುವುದಕ್ಕೇ ಕೆನ್ನೆ ಕೆಂಪಾಗಿತ್ತು.

ಕಿಯಾಲಳ ಬಾಯಿ ಸುಮ್ಮನಿರಬೇಕಲ್ಲ. ಮೇ ಕೊನೆಯಲ್ಲಿ ಪೇಟೆಯಲ್ಲಿ ಯಾರ ಮುಂದೋ, "ನಮ್ಮ ಸಾಯ್ರಾಕಾನಕ್ಕನಿಗೆ ಈ ಸಲ ಚೀಟಿ!" ಎಂದು ಹೆಮ್ಮೆಯಿಂದ ಊದಿದಳು. ಅದು ಎರಡೇ ದಿನದಲ್ಲಿ ಕಪರ್‌ಬೆಕ್‌ನ ಕಿವಿಗೆ ಬಿತ್ತು.

ಅಂಗಳದ ಮರದ ಕಟ್ಟೆಯ ಮೇಲೆ ಕಪರ್‌ಬೆಕ್ ನಾಲ್ಕು ಜನ ಹಿರಿಯರೊಂದಿಗೆ ಸಂಜೆಯ ಚಹಾಕ್ಕೆ ಕೂತಿದ್ದ. ಸಾಯ್ರಾಕಾನ್ ಚಹಾ ಹಾಕುತ್ತಿದ್ದಳು. ನಮ್ಮಲ್ಲಿ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದರ್ಥ.

"ಜುಮಾಶ್ ಹೋಗಿ ವರ್ಷ ಆಗ್ತಾ ಬಂತು" ಎಂದ ಕಪರ್‌ಬೆಕ್. ಅವನ ಕಣ್ಣು ತೇವವಾಯಿತು. ಸುಳ್ಳು ಅಳು ಅಲ್ಲ ಅದು. ತಮ್ಮನನ್ನು ಬಿಲದಿಂದ ತೆಗೆಯುವಾಗ ಬರಿಗೈಯಲ್ಲಿ ಮಣ್ಣು ಕೆದರಿದವನು ಅವನೇ. ಅದಕ್ಕೇ ಅವನ ಮೇಲೆ ಸಿಟ್ಟು ಮಾಡುವುದೂ ಸುಲಭವಲ್ಲ, ಮಾಡದಿರುವುದೂ ಸಾಧ್ಯವಿಲ್ಲ. "ವರ್ಷದ ಊಟ ಕುದುರೆ ಇಲ್ದೆ ಮಾಡಿದ್ರೆ ಜನ ಏನಂತಾರೆ? ಒಂದು ಹೆಣ್ಣುಕುದುರೆ ನೋಡಿದ್ದೀನಿ. ಮಾತು ಕೊಟ್ಟಾಯ್ತು. ಅರ್ಧ ನಂದು. ಉಳಿದರ್ಧ ಕೆಲಿನ್ ಕೊಡ್ತಾಳೆ. ಅವಳ ಚೀಟಿ ಬರುತ್ತಂತೆ. ಅಲ್ವೇನಮ್ಮ?"

ಹಿರಿಯರು ಗಡ್ಡ ನೀವಿಕೊಂಡು, "ಇಂಥಾ ಕೆಲಿನ್ ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು" ಎಂದರು.

ಕೊಟ್ಟ ಮಾತು ಅವನದು, ಹೋಗುವ ಹಣ ಇವಳದು, ಪುಣ್ಯ ಮಾತ್ರ ಎಲ್ಲರದು! ಬೇಡ ಎನ್ನಬೇಕೆಂದಿದ್ದಳು ಸಾಯ್ರಾಕಾನ್. ತಲೆ ಮಾತ್ರ ಇಪ್ಪತ್ತಮೂರು ವರ್ಷದ ಅಭ್ಯಾಸದಂತೆ ತಾನಾಗಿಯೇ ಆಡಿತು. ಕಪರ್‌ಬೆಕ್‌ನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಇಟ್ಟಳು. ಅವನು ಅದನ್ನು ಗಮನಿಸಲೂ ಇಲ್ಲ. ಎತ್ತಿ ಕುಡಿದ.

ಮಾರನೆಯ ದಿನ ಬುರುಲಕ್ಕನ ಮನೆಯಲ್ಲಿ ಒಂಬತ್ತೂ ಜನ ಸೇರಿದರು. ಸಾಯ್ರಾಕಾನ್ ತಲೆ ತಗ್ಗಿಸಿ, "ನನ್ನ ಚೀಟಿ ಕುದುರೆಗೆ ಕೊಟ್ಬಿಡಿ. ನಾನು ಹೂಂ ಅಂದ್ಬಿಟ್ಟೆ" ಎಂದಳು.

"ಹೂಂ ಅಂದ್ಯಾ? ಬಾಯಲ್ಲಿ ಅಂದ್ಯಾ?"

"ತಲೆ ಆಡಿಸ್ದೆ."

"ಕೋಳಿನೂ ಆಡಿಸುತ್ತೆ ಕಣೇ ತಲೆ!" ಬುರುಲಕ್ಕನ ಧ್ವನಿಗೆ ಹೊರಗಿನ ನಾಯಿ ಎದ್ದು ನಿಂತಿತು. "ಹತ್ತು ಹತ್ತು ರೊಟ್ಟಿ ಹೊತ್ತು ಬಸ್ಸಿನ ಹಿಂದೆ ಓಡಿದ್ದು ಈ ಮಂಡಿ. ನನ್ನ ಮಂಡಿನೋವು ಕುದುರೆ ಮಾಂಸ ಆಗ್ಬೇಕಾ?"

"ಜುಮಾಶಣ್ಣನ ಹೆಸರಿನ ಊಟ ಅಲ್ವಾ..." ಎಂದು ಒಬ್ಬಳು ರಾಗ ಎಳೆದಳು.

"ಜುಮಾಶ್ ಬಂದು ತಿಂತಾನಾ? ಕೇಳಿಲ್ಲಿ. ಸತ್ತೋರಿಗೆ ತಲುಪೋದು ಎಣ್ಣೆಯ ವಾಸನೆ. ಏಳು ರೊಟ್ಟಿ ಎಣ್ಣೇಲಿ ಕರಿದು ಹೊಗೆ ಎಬ್ಬಿಸಿದ್ರೆ ಅವರ ಪಾಲು ಅವರಿಗೆ ಹೋಯ್ತು. ನಮ್ಮಜ್ಜಿ ಹೇಳಿದ್ದೂ ಅದೇ, ಅವರಜ್ಜಿ ಹೇಳಿದ್ದೂ ಅದೇ. ಕುದುರೆ ಬದುಕಿರೋರ ಹಲ್ಲಿಗೆ!"

ಸಾಯ್ರಾಕಾನ್ ಅಳಲಿಲ್ಲ. ಅವಳು ಮೆಲ್ಲಗೆ ಒಂದು ಮಾತು ಹೇಳಿದಳು. "ನಾನು ಏನು ಕೂಡಿಟ್ರೂ ಅದನ್ನ ಕೊಯ್ಯೋಕೆ ಬರುತ್ತೆ ಬುರುಲಕ್ಕ. ಕುರಿ ಕೊಯ್ದ್ರು. ಓಲೆ ಕೊಟ್ಬಿಟ್ರು. ನೋಟು ಉಂಡ್ರು. ಈಗ ಇದೂ ಅಷ್ಟೇ. ಯಾರಿಗೂ ಕೊಯ್ಯೋಕಾಗ್ದೇ ಇರೋದು ಅಂತ ಏನಿದೆ?"

ತಪ್ಪು ಮಾಡಿದ ಕಿಯಾಲ್ ಅಷ್ಟು ಹೊತ್ತೂ ಮೂಲೆಯಲ್ಲಿ ಉಗುರು ಕಚ್ಚುತ್ತಿದ್ದಳು. "ಇಟ್ಟಿಗೆ" ಎಂದಳು.

ಎಲ್ಲರೂ ಅವಳತ್ತ ತಿರುಗಿದರು.

"ಇಟ್ಟಿಗೆ ಅಕ್ಕ. ಮಣ್ಣಿನ ಹಸಿ ಇಟ್ಟಿಗೆ. ಎಷ್ಟು ಬೇಯಿಸಿದ್ರೂ ಮೆತ್ತಗಾಗಲ್ಲ."

ಬುರುಲಕ್ಕ ಅವಳನ್ನು ಒಂದು ಕ್ಷಣ ದಿಟ್ಟಿಸಿದಳು. "ಹಾಳಾದೋಳೇ, ಹುಟ್ಟಿದಾಗಿಂದ ಇದೊಂದೇ ಸರಿಯಾದ ಮಾತು ಆಡಿದ್ದು ನೀನು!" ಎಂದಳು.

ಚೀಟಿ ಕೊಡಲೇಬೇಕು ಎಂಬುದು ನಿಯಮ. ನೋಟಿನಲ್ಲೇ ಕೊಡಬೇಕೆಂದು ಯಾರೂ ಎಲ್ಲೂ ಹೇಳಿಲ್ಲ. ಜುಮಾಶ್ ಸತ್ತು ವರ್ಷ ತುಂಬಿದ್ದು ಒಂದು ಶುಕ್ರವಾರ. ವರ್ಷದ ಊಟವನ್ನು ಕಪರ್‌ಬೆಕ್ ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದ. ಆ ಶುಕ್ರವಾರ ಬೆಳಿಗ್ಗೆ ಎರಡು ಲಾರಿ ಕಾಲುವೆಯಾಚೆ ಬಂದು ನಿಂತವು. ಇಟ್ಟಿಗೆ, ತಗಡು, ನೀಲಿ ಬಣ್ಣದ ಒಂದು ಬಾಗಿಲು. ಬಾಗಿಲು ಗರಗಸದಣ್ಣನ ಕೈಕೆಲಸ. ಹೆಸರು ಹೇಳದೆ ಕರೆದದ್ದಕ್ಕೆ ಕೂಲಿಯಲ್ಲಿ ಅರ್ಧ ಬಿಟ್ಟಿದ್ದನಂತೆ. ಮನೆ ಕಟ್ಟುವವರಿಗೆ ಊರೆಲ್ಲ ಒಂದು ದಿನ ಬಿಟ್ಟಿ ಕೈಜೋಡಿಸುವ ಪದ್ಧತಿ ನಮ್ಮಲ್ಲಿದೆ. ನಮ್ಮ ಪದ್ಧತಿಗಳೆಲ್ಲ ಹೊಟ್ಟೆಬಾಕರವೇ ಅಲ್ಲ. ಚೀಟಿಯ ಉಳಿದ ಎಂಟು ಹೆಂಗಸರು ಬಂದರು. ಅವರ ಗಂಡಂದಿರು ಬಂದರು, ಕೆಲವರು ತಾವಾಗಿ, ಕೆಲವರು ಹೆಂಡತಿಯ ಕಣ್ಣಿಗೆ ಹೆದರಿ. ಕಾಲುವೆ ನೀರು ಹಾಯಿಸಿ ಕೆಸರು ತುಳಿದರು. ಕಿಯಾಲ್ ಎಲ್ಲರಿಗಿಂತ ಹೆಚ್ಚು ಇಟ್ಟಿಗೆ ಹೊತ್ತಳು, ಎಲ್ಲರಿಗಿಂತ ಹೆಚ್ಚು ಗೊಣಗಿದಳು.

ಸಾಯ್ರಾಕಾನ್ ಮೂರು ಕಲ್ಲು ಹೂಡಿ ಕಡಾಯಿ ಇಟ್ಟಳು. ಏಳು ರೊಟ್ಟಿ ತಟ್ಟಿ, ಹೊಗೆಯಾಡುವ ಎಣ್ಣೆಗೆ ಒಂದೊಂದಾಗಿ ಬಿಟ್ಟಳು. ಓದಿ ಪ್ರಾರ್ಥಿಸಲು ಊರಿನ ಮೌಲ್ವಿ ಬಂದು ಚಾಪೆಯ ಮೇಲೆ ಕೂತಿದ್ದರು.

ಗೋಡೆ ಮೊಣಕಾಲೆತ್ತರ ಬರುವ ಹೊತ್ತಿಗೆ ಕಪರ್‌ಬೆಕ್ ಬಂದ. ಹಿಂದೆ ಕುದುರೆ ಮಾರುವವನು, ಅವನ ಹಿಂದೆ ಕಂದು ಬಣ್ಣದ ಹೆಣ್ಣುಕುದುರೆ. ಅದು ಕಾಲುವೆ ಬದಿಯ ಹುಲ್ಲಿಗೆ ಬಾಯಿ ಹಾಕಿತು. ಪಾಪ, ಅದಕ್ಕೇನು ಗೊತ್ತು.

"ಏನಿದು?" ಎಂದ ಕಪರ್‌ಬೆಕ್.

"ನನ್ನ ಚೀಟಿ" ಎಂದಳು ಸಾಯ್ರಾಕಾನ್.

"ಹಣ ಎಲ್ಲಿ?"

ಬುರುಲಕ್ಕ ಕೆಸರು ಕೈಯಲ್ಲೇ ಗೋಡೆ ತೋರಿಸಿದಳು. "ಅಗೋ ಅಲ್ಲಿ. ಬೇಕಿದ್ರೆ ಎಣಿಸ್ಕೊ, ಎರಡು ಸಾವಿರ ಇದೆ."

"ನಾನು ನಾಲ್ಕು ಹಿರಿಯರ ಮುಂದೆ ಮಾತು ಕೊಟ್ಟಿದ್ದೀನಿ!" ಕಪರ್‌ಬೆಕ್‌ನ ಮುಖ ಕಪ್ಪಿಟ್ಟಿತು. "ಈ ಇಟ್ಟಿಗೆ ವಾಪಸ್ ಮಾರು ಕೆಲಿನ್. ಇವತ್ತೇ ಮಾರು. ಗೋಡೆ ಇವತ್ತಲ್ಲ ನಾಳೆ ಏಳುತ್ತೆ. ನನ್ನ ತಮ್ಮನ ಪಾಲು ಎಲ್ಲಿ? ಗಂಡನ ಹೆಸರಿಗೆ ಒಂದು ತುತ್ತು ಹಾಕೋ ಮನಸ್ಸಿಲ್ವಾ ನಿಂಗೆ? ನಾಚಿಕೆ ಆಗಲ್ವಾ?"

ನಾಚಿಕೆ! ಕುರಿ ತಿಂದ ಬಾಯಿ ಅದು. ಓಲೆ ನುಂಗಿದ ಮನೆ ಅದು. ಅಲ್ಲಿದ್ದವರೆಲ್ಲ ಕೈಕೆಲಸ ನಿಲ್ಲಿಸಿದರು. ಸಾಯ್ರಾಕಾನ್ ಏಳನೆಯ ರೊಟ್ಟಿಯನ್ನು ಎಣ್ಣೆಯಿಂದ ತೆಗೆದು, ತಟ್ಟೆಗಿಟ್ಟು, ಎದ್ದು ನಿಂತಳು. ತಲೆಯ ಬಟ್ಟೆ ಸರಿಮಾಡಿಕೊಂಡಳು.

"ಕಪರ್‌ಬೆಕ್."

ಯಾರದೋ ಕೈಯಿಂದ ಇಟ್ಟಿಗೆ ಜಾರಿ ಬಿತ್ತು. ಬೆಗಿಮಾಯ್ ಬಾಯಿಗೆ ಕೈ ಅಡ್ಡ ಹಿಡಿದಳು. ಕಪರ್‌ಬೆಕ್ ತನ್ನನ್ನೇ ಕರೆದದ್ದೋ, ಬಡಗಿಯನ್ನೋ ಎಂದು ಒಮ್ಮೆ ಹಿಂತಿರುಗಿ ಬೇರೆ ನೋಡಿದ.

"ನಿಮ್ಮನ್ನೇ ಕರೆದದ್ದು ಕಪರ್‌ಬೆಕ್. ನಿಮ್ಮ ತಮ್ಮನ ಪಾಲು ಈ ಕಡಾಯಿಯಿಂದ ಎದ್ದು ಹೋಯ್ತು. ಮೂಗಿಗೆ ಬರ್ತಿಲ್ವಾ ವಾಸನೆ? ಅವನು ಈ ಜಾಗಕ್ಕೆ ಮೂರು ಸಲ ಅರ್ಜಿ ಬರೆದ. ರಟ್ಟು ತುರುಕಿದ ಬೂಟಲ್ಲಿ ಕಚೇರಿಗೆ ನಡೆದ. ಅವನಿಗೆ ಬೇಕಾಗಿದ್ದದ್ದು ಈ ಗೋಡೆ, ಕುದುರೆ ಅಲ್ಲ. ಕುದುರೆ ಬೇಕಾಗಿರೋದು ನಿಮ್ಗೆ. ಬೇಕಾದ್ರೆ ನಿಮ್ಮ ದುಡ್ಡಲ್ಲಿ ಪೂರ್ತಿ ಕೊಯ್ರಿ, ನಾನೇ ಬಂದು ಕರುಳು ತೊಳೀತೀನಿ. ಇಪ್ಪತ್ತಮೂರು ವರ್ಷ ತೊಳೆದಿದ್ದೀನಿ. ಆದ್ರೆ ಈ ಇಟ್ಟಿಗೇಲಿ ಒಂದನ್ನೂ ಮುಟ್ಟೋಕೆ ಬಿಡಲ್ಲ."



ಕುದುರೆಯವನು ಆ ಮುಖ ಈ ಮುಖ ನೋಡಿ ಹಗ್ಗ ಎಳೆದುಕೊಂಡು ಮೆಲ್ಲಗೆ ಹೊರಟ. ಕಪರ್‌ಬೆಕ್ ನ್ಯಾಯಕ್ಕೆಂದು ಮೌಲ್ವಿಯತ್ತ ತಿರುಗಿದ. ಮೌಲ್ವಿ ಗಂಟಲು ಸರಿಮಾಡಿಕೊಂಡು, "ವಾಸನೆ ತಲುಪುತ್ತೆ ಅಂತ ಹಿರಿಯರು ಹೇಳ್ತಾರೆ. ಕುದುರೆ ತಲುಪುತ್ತೆ ಅಂತ ನಾನೆಲ್ಲೂ ಓದಿಲ್ಲಪ್ಪ" ಎಂದರು. ಇದೇ ಮಾತನ್ನು ಅವರು ಮಣ್ಣು ಮಾಡಿದ ದಿನವೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಅವತ್ತು ಅವರ ಬಾಯಲ್ಲಿ ಮಾಂಸವಿತ್ತು.

ಮೌಲ್ವಿ ಓದಿದರು. ಎಲ್ಲರೂ ಕೆಸರು ಕೈಗಳನ್ನೇ ಎತ್ತಿ ಮುಖಕ್ಕೆ ಸವರಿಕೊಂಡರು. ಸಾಯ್ರಾಕಾನ್ ರೊಟ್ಟಿ ಮುರಿದು ಹಂಚಿದಳು. ಮೊದಲ ತುಂಡನ್ನು ಕಪರ್‌ಬೆಕ್‌ನ ಮುಂದೆಯೇ ಹಿಡಿದಳು.

"ತಿನ್ನೋಕೆ ಬಂದಿದ್ರೆ ತಗೊಳ್ಳಿ. ಕೈ ಜೋಡಿಸೋಕೆ ಬಂದಿದ್ರೆ ಅಲ್ಲಿದೆ ಇಟ್ಟಿಗೆ."

ಸತ್ತವರ ಹೆಸರಿನ ರೊಟ್ಟಿಯನ್ನು ಯಾರೂ ಬೇಡ ಎನ್ನುವಂತಿಲ್ಲ. ಅವನು ತೆಗೆದುಕೊಂಡ. ಅಗಿಯುವಾಗ ಅವನ ಕಣ್ಣಲ್ಲಿ ನೀರು ಬಂತು. ತಮ್ಮ ನೆನಪಾದನೋ, ಮಾನ ಹೋಯಿತೋ, ಅವನಿಗೇ ಗೊತ್ತು. ತಿಂದು ಮುಗಿಸಿ, ಕೈ ಒರೆಸಿಕೊಂಡು, ಒಂದೇ ಒಂದು ಇಟ್ಟಿಗೆಯನ್ನೂ ಮುಟ್ಟದೆ ಕಾಲುವೆ ದಾಟಿ ಹೊರಟುಹೋದ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇಷ್ಟು ವರ್ಷ ಸಾಯ್ರಾಕಾನಳದು ಕೈ, ಇನ್ಯಾರದೋ ಬಾಯಿ. ಅವಳು ಉಡುಪಿನ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಕೆಸರಿಗೆ ಇಳಿದಳು.

ಬೆಗಿಮಾಯ್ ಹತ್ತಿರ ಬಂದು ಪಿಸುಗುಟ್ಟಿದಳು. "ಅಮ್ಮ, ಆ ಹೆಸರು ಇನ್ನೊಂದ್ಸಲ ಹೇಳಮ್ಮ."

"ಸಾಕು. ಇನ್ನು ಅದರ ಕೆಲಸ ಇಲ್ಲ" ಎಂದಳು ಸಾಯ್ರಾಕಾನ್. "ಆ ಇಟ್ಟಿಗೆ ಕೊಡು."